ಮುಂದೆ ಕಟಕಟ ಅಂದರೆ ಶಾಕ್ ಹೋಯಿತು ಅಂತಲ್ಲ

ಮಳೆಗಾಲ ಮುಗಿದು ರಸ್ತೆಯ ಗುಂಡಿಗಳೆಲ್ಲ ಬಾಯಿಬಿಟ್ಟ ಮೇಲೆ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಕಾರಿನ ಮುಂದಿನ ಚಕ್ರದ ಹತ್ರ ಕಟಕಟ ಅಂತಿದೆ, ಶಾಕ್ ಹೋಯ್ತಾ? ಎರಡೂ ಬದಲಾಯಿಸಿಬಿಡಲಾ?”

ತಡೆಯಿರಿ. ಶಾಕ್, ಅಂದರೆ ಗಾಡಿಯ ಕುಣಿತ ಅಡಗಿಸುವ ಶಾಕ್ ಅಬ್ಸಾರ್ಬರ್, ಸಾಮಾನ್ಯವಾಗಿ ಸದ್ದಿಲ್ಲದೆ ಸಾಯುತ್ತದೆ. ಸದ್ದು ಮಾಡುವುದು ಅದರ ಸುತ್ತಲಿನ ರಬ್ಬರು, ಕೀಲು, ಗುಂಡುಗಳು. ಎರಡು ಶಾಕ್ ಬದಲಾಯಿಸಲು ಸಾವಿರಗಳ ಲೆಕ್ಕದಲ್ಲಿ ಖರ್ಚು ಮಾಡಿ, ಮನೆಗೆ ಬರುವ ದಾರಿಯ ಮೊದಲ ಗುಂಡಿಯಲ್ಲೇ ಅದೇ ಕಟಕಟ ಕೇಳಿಸಿಕೊಂಡವರು ಬಹಳ ಜನ. ಕೊನೆಗೆ ನೂರುಗಳ ಲೆಕ್ಕದ ಲಿಂಕ್ ರಾಡ್ ಎಂಬ ಸಣ್ಣ ಕಡ್ಡಿ ಹಾಕಿದಾಗ ಸದ್ದು ಹೋಗಿರುತ್ತದೆ.

ಸ್ವಿಫ್ಟ್, ವ್ಯಾಗನ್‌ಆರ್, ಐ10, ಟಿಯಾಗೊ ತರಹದ ಸಣ್ಣ ಕಾರು ಇಟ್ಟುಕೊಂಡು, ವಾರಂಟಿ ಮುಗಿದ ಮೇಲೆ ಕಂಪನಿ ಸರ್ವಿಸ್ ಬಿಟ್ಟು ಊರಿನ ಗ್ಯಾರೇಜಿಗೆ ಹೋಗುವವರಿಗಾಗಿ ಇದನ್ನು ಬರೆದಿದ್ದೇನೆ. ತೊಂದರೆ ಎಲ್ಲಿದೆ ಎಂದು ಹುಡುಕುವ ಕೆಲಸದಲ್ಲಿ ಹೆಚ್ಚಿನದನ್ನು ನೀವೇ ಮಾಡಬಹುದು. ಬಿಚ್ಚಿ ಕಟ್ಟುವ ಕೆಲಸ ಮೆಕ್ಯಾನಿಕ್‌ಗೆ ಬಿಡಿ, ಆದರೆ ಪಕ್ಕದಲ್ಲಿ ನಿಂತು ಏನು ನೋಡಬೇಕು ಅನ್ನುವುದು ಗೊತ್ತಿರಲಿ.

ಮೊದಲು ಹೆಸರುಗಳು

ಗ್ಯಾರೇಜಿನಲ್ಲಿ ಈ ಪದಗಳು ಬಂದೇ ಬರುತ್ತವೆ. ಚಕ್ರವನ್ನು ಗಾಡಿಗೆ ಜೋಡಿಸಿ ಗುಂಡಿಯ ಏಟು ತಡೆಯುವ ಇಡೀ ಜೋಡಣೆಗೆ ಸಸ್ಪೆನ್ಷನ್ ಅನ್ನುತ್ತಾರೆ.

ಸ್ಪ್ರಿಂಗ್ ಗಾಡಿಯ ಭಾರ ಹೊರುತ್ತದೆ. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಒಳಗಿನ ಎಣ್ಣೆಯನ್ನು ಸಣ್ಣ ಕಿಂಡಿಗಳಲ್ಲಿ ತೂರಿಸಿ ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದಷ್ಟೇ ಅದರ ಕೆಲಸ. ಆದ್ದರಿಂದ ಗಾಡಿ ಒಂದು ಕಡೆ ಕುಸಿದು ನಿಂತಿದ್ದರೆ ಮೊದಲು ಸ್ಪ್ರಿಂಗ್ ನೋಡಬೇಕು, ಶಾಕ್ ಅಲ್ಲ. ಮುಂದಿನ ಚಕ್ರಗಳಲ್ಲಿ ಇವೆರಡೂ ಸೇರಿ ಒಂದೇ ಕಂಬ. ಅದೇ ಸ್ಟ್ರಟ್. 1940ರ ದಶಕದಲ್ಲಿ ಇದನ್ನು ರೂಪಿಸಿದ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರನ್ನೇ ಇವತ್ತಿಗೂ ಇದಕ್ಕೆ ಹೇಳುತ್ತಾರೆ. ಸ್ಟ್ರಟ್‌ನ ತಲೆ ಗಾಡಿಯ ಬಾಡಿಯನ್ನು ಸೇರುವ ಕಡೆ ಇರುವ ರಬ್ಬರ್ ತಟ್ಟೆ ಸ್ಟ್ರಟ್ ಮೌಂಟ್. ಸ್ಟೀರಿಂಗ್ ತಿರುಗಿಸಿದಾಗ ಕಂಬವೂ ತಿರುಗಬೇಕಲ್ಲ, ಅದಕ್ಕೆ ಅಲ್ಲೊಂದು ಬೇರಿಂಗ್ ಇರುತ್ತದೆ.

ಕೆಳಗೆ ಚಕ್ರವನ್ನು ಹಿಡಿದಿರುವ ತೋಳು ಲೋಯರ್ ಆರ್ಮ್. ಅದರ ಒಂದು ತುದಿಯಲ್ಲಿ ಲೋಹದ ಬಳೆಯೊಳಗೆ ಕೂತ ರಬ್ಬರ್ ಬುಷ್‌ಗಳು, ಇನ್ನೊಂದು ತುದಿಯಲ್ಲಿ ಬಾಲ್ ಜಾಯಿಂಟ್. ಅಂದರೆ ಬಟ್ಟಲಲ್ಲಿ ಕೂತ ಗುಂಡು, ನಮ್ಮ ಸೊಂಟದ ಕೀಲಿದ್ದ ಹಾಗೆ. ಎಡ ಬಲ ಚಕ್ರಗಳ ನಡುವೆ ಅಡ್ಡ ಹೋಗುವ ಬಾಗಿದ ಕಂಬಿ ಸ್ಟೆಬಿಲೈಸರ್ ಬಾರ್; ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುತ್ತದೆ. ಅದನ್ನು ಸ್ಟ್ರಟ್‌ಗೆ ಜೋಡಿಸುವ ಗೇಣುದ್ದದ ಕಡ್ಡಿಯೇ ಲಿಂಕ್ ರಾಡ್. ಕೆಲವು ಮಾದರಿಗಳಲ್ಲಿ ಈ ಬಾರ್ ಇರುವುದೇ ಇಲ್ಲ, ಮೊದಲು ಬಗ್ಗಿ ನೋಡಿಕೊಳ್ಳಿ. ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಕಡ್ಡಿಯ ತುದಿ ಟೈ ರಾಡ್ ಎಂಡ್.

1. ಸದ್ದನ್ನು ವಿಂಗಡಿಸಿ

ಮೊದಲು ಡಿಕ್ಕಿ ಖಾಲಿ ಮಾಡಿ. ತಮಾಷೆಗೆ ಹೇಳುತ್ತಿಲ್ಲ. ಹಿಂದೆ ಸದ್ದು ಅಂತ ಬಂದ ಒಂದು ಗಾಡಿಯ ಹಿಂಬದಿಯ ಶಾಕ್ ಎರಡನ್ನೂ ಬೇರೆ ಗ್ಯಾರೇಜಿನಲ್ಲಿ ಆಗಲೇ ಬದಲಾಯಿಸಿದ್ದರು. ಸ್ಟೆಪ್ನಿ ಪಕ್ಕದಲ್ಲಿ ಜಾಕ್ ಸಡಿಲವಾಗಿ ಕೂತಿತ್ತು, ಅದರ ಕೆಳಗೊಂದು ಹಳೇ ಬಟ್ಟೆ ತುರುಕಿದೆ, ಮುಗಿಯಿತು.

ಆಮೇಲೆ ಕಿಟಕಿ ಇಳಿಸಿ, ಹಾಡು ಆಫ್ ಮಾಡಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಟ್ಟ ರಸ್ತೆಯಲ್ಲಿ 10ರಿಂದ 20 ಕಿ.ಮೀ. ವೇಗದಲ್ಲಿ ಹೋಗಿ. ಹಂಪ್ ಇದ್ದರೆ ಇನ್ನೂ ಒಳ್ಳೆಯದು. ರಸ್ತೆ ಕೆಲಸದ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಅಳತೆಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು. ನಮ್ಮ ಕಡೆ ಹಂಪ್ ಅಂದರೆ ರಾತ್ರೋರಾತ್ರಿ ಎದ್ದ ಸಿಮೆಂಟ್ ದಿಂಡು. ಇರಲಿ, ನಮ್ಮ ಪರೀಕ್ಷೆಗೆ ಅದೇ ಸಾಕು.

ಹಂಪನ್ನು ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಏರುವಂತೆ ದಾಟಿ. ಆಮೇಲೆ ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟಿ. ನೇರವಾಗಿ ಹೋದಾಗ ಸುಮ್ಮನಿದ್ದು, ಓರೆಯಾಗಿ ಹೋದಾಗ ಟಕ್ ಟಕ್ ಅಂದರೆ ನಿಮ್ಮ ಅನುಮಾನ ಲಿಂಕ್ ರಾಡ್ ಮೇಲೆ ಅಥವಾ ಸ್ಟೆಬಿಲೈಸರ್ ಬಾರ್ ಕೂತಿರುವ ರಬ್ಬರ್ ಮೇಲೆ ಇರಲಿ. ಎರಡು ಚಕ್ರವೂ ಒಟ್ಟಿಗೆ ಎದ್ದರೆ ಬಾರ್ ತಿರುಚಿಕೊಳ್ಳುವುದಿಲ್ಲ, ಒಂದು ಮಾತ್ರ ಎದ್ದಾಗಲೇ ಅದಕ್ಕೆ ಕೆಲಸ. ದುಡ್ಡು ಖರ್ಚಿಲ್ಲದ ಪರೀಕ್ಷೆಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆಯೇ.

ಉಳಿದ ಸದ್ದುಗಳು ಹೀಗೆ:

- ಆಳದ ಗುಂಡಿಯಲ್ಲಿ ಮಾತ್ರ “ದಡ್” ಅಂದರೆ ಸ್ಟ್ರಟ್ ಮೌಂಟ್ ಸವೆದಿರಬಹುದು, ಇಲ್ಲವೇ ಶಾಕ್ ಸತ್ತು ಸ್ಟ್ರಟ್ ತಳ ಮುಟ್ಟುತ್ತಿರಬಹುದು.
- ನಿಂತ ಗಾಡಿಯಲ್ಲಿ ಸ್ಟೀರಿಂಗ್ ತಿರುಗಿಸಿದಾಗ ತಂತಿ ಮೀಟಿದ ಹಾಗೆ “ಟೊಂಯ್” ಅಂದರೆ ಸ್ಟ್ರಟ್ ಮೌಂಟಿನ ಬೇರಿಂಗ್ ಹಿಡಿದುಕೊಂಡಿದೆ, ಸ್ಪ್ರಿಂಗ್ ತಿರುಚಿಕೊಂಡು ಬಿಡುತ್ತಿದೆ.
- ನಿಧಾನವಾಗಿ ಹೋಗುತ್ತಾ ಬ್ರೇಕ್ ಒತ್ತಿದಾಗ ಒಂದು ಸಲ “ಟಕ್”, ರಿವರ್ಸ್‌ನಲ್ಲಿ ಬ್ರೇಕ್ ಒತ್ತಿದಾಗ ಮತ್ತೊಂದು ಸಲ “ಟಕ್” ಅಂದರೆ ಲೋಯರ್ ಆರ್ಮ್ ಬುಷ್ ನೋಡಿ.
- ಗುಂಡಿಯಲ್ಲಿ ಬರುವ ಗಲಗಲ ಸದ್ದು ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟರೆ ನಿಲ್ಲುತ್ತದೆಯೇ? ಹಾಗಾದರೆ ಅದು ಬ್ರೇಕ್ ಪ್ಯಾಡಿನ ಕ್ಲಿಪ್. ಸಸ್ಪೆನ್ಷನ್ ತಂಟೆಗೇ ಹೋಗಬೇಡಿ.
- ಪೂರ್ತಿ ಸ್ಟೀರಿಂಗ್ ತಿರುಗಿಸಿ ಮುಂದೆ ಚಲಿಸುವಾಗ ಕಟ್ ಕಟ್ ಕಟ್ ಎಂದು ಚಕ್ರದ ಸುತ್ತಿಗೆ ತಕ್ಕಂತೆ ಬರುವುದು ಆಕ್ಸಲ್ ಜಾಯಿಂಟಿನ ಸದ್ದು. ಅದೂ ಬೇರೆ ರಿಪೇರಿ.

2. ಗಾಡಿ ನೆಲದ ಮೇಲಿರುವಾಗಲೇ ನೋಡುವುದು

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ಮೇಲಿನ ಫೆಂಡರ್ ಅಂಚಿನಿಂದ ಚಕ್ರದ ನಡುವಿನವರೆಗೆ ಟೇಪ್ ಹಿಡಿದು ಅಳೆಯಿರಿ. ಎಡ ಬಲಕ್ಕೆ ಎರಡು ಸೆಂಟಿಮೀಟರಿನಷ್ಟು ವ್ಯತ್ಯಾಸ ಕಂಡರೆ ಸ್ಪ್ರಿಂಗಿನ ಕೊನೆಯ ಸುತ್ತನ್ನು ಟಾರ್ಚ್ ಹಾಕಿ ನೋಡಿ. ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಅಲ್ಲೇ, ತುಕ್ಕು ಕೂರುವ ಕೆಳಗಿನ ಸುತ್ತಿನಲ್ಲಿ. ಕರಾವಳಿಯ ಗಾಡಿಗಳನ್ನು ಇನ್ನಷ್ಟು ಜಾಗ್ರತೆಯಾಗಿ ನೋಡಬೇಕು.

ಶಾಕ್ ಮೇಲೆ ದೂಳು ಅಂಟಿದ ತೆಳು ಎಣ್ಣೆಪಸೆ ಇದ್ದರೆ ಹೆದರಬೇಕಿಲ್ಲ. ಎಣ್ಣೆ ಒದ್ದೆಯಾಗಿ ಕೆಳಗಿನವರೆಗೆ ಇಳಿದಿದ್ದರೆ ಸೀಲ್ ಹೋಗಿದೆ ಎಂದೇ ಅರ್ಥ, ಅದನ್ನು ಬದಲಾಯಿಸಲೇಬೇಕು. ಅನುಮಾನವಿದ್ದರೆ ಬಟ್ಟೆಯಲ್ಲಿ ಒರೆಸಿ, ಒಂದು ವಾರ ಓಡಿಸಿ, ಮತ್ತೆ ನೋಡಿ.

ಟೈರಿನ ಮೇಲೆ ಅಂಗೈ ಸವರಿ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದು ಅಲೆ ಅಲೆಯಾಗಿ ಸವೆದಿದ್ದರೆ ಚಕ್ರ ರಸ್ತೆಯ ಮೇಲೆ ಕುಣಿಯುತ್ತಿದೆ, ಶಾಕ್ ಸೋತಿದೆ. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರಗಳು ನಿಲ್ಲಬೇಕಾದ ಕೋನ, ಅಂದರೆ ಅಲೈನ್‌ಮೆಂಟ್ ತಪ್ಪಿದೆ, ಅಥವಾ ಬುಷ್ ಹರಿದು ಚಕ್ರದ ಕೋನವೇ ಬದಲಾಗಿದೆ. ಸವೆದ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ, ಎಂಟು ದಿನದಲ್ಲಿ ಮತ್ತೆ ಅದೇ ಪಾಡು.

ಬಾನೆಟ್ ಮೂಲೆಯನ್ನು ಕೈಯಿಂದ ಒತ್ತಿ ಬಿಡುವ ಹಳೇ ಪರೀಕ್ಷೆ ಎಲ್ಲರಿಗೂ ಗೊತ್ತು. ಗಾಡಿ ಒಂದು ಸಲ ಮೇಲೆದ್ದು ನಿಂತರೆ ಸರಿ, ಎರಡು ಮೂರು ಸಲ ತೂಗಿದರೆ ಶಾಕ್ ಹೋಗಿದೆ. ಆದರೆ ಇದರಲ್ಲಿ ಸಿಕ್ಕಿಬೀಳುವುದು ಪೂರ್ತಿ ಸತ್ತ ಶಾಕ್ ಮಾತ್ರ. ಅರ್ಧಂಬರ್ಧ ಸೋತದ್ದು ಇಲ್ಲಿ ಸಲೀಸಾಗಿ ಪಾಸಾಗುತ್ತದೆ, ಹೆದ್ದಾರಿಯ ಸೇತುವೆ ಜಾಯಿಂಟಿನಲ್ಲಿ ಬಣ್ಣ ತೋರಿಸುತ್ತದೆ. 80ರ ವೇಗದಲ್ಲಿ ಗಾಡಿ ದೋಣಿಯಂತೆ ತೂಗುತ್ತದೆಯೇ, ಬ್ರೇಕ್ ಹಾಕಿದಾಗ ಮೂಗು ನೆಲಕ್ಕೆ ತಾಗುವಂತೆ ಬಗ್ಗುತ್ತದೆಯೇ ಎಂಬುದನ್ನೇ ಹೆಚ್ಚು ನಂಬಿ.

3. ಚಕ್ರ ಎತ್ತಿ ನೋಡುವುದು

ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಜಾಕ್ ಏರಿಸಿ. ಗಾಡಿಯ ಜೊತೆ ಬಂದ ಜಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದನ್ನು ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ, ಕೈಯನ್ನೂ ಹಾಕಬೇಡಿ. ಕೆಳಗೆ ಹೋಗಬೇಕಿದ್ದರೆ ಜಾಕ್ ಸ್ಟ್ಯಾಂಡ್ ಇರಲೇಬೇಕು.

ಎತ್ತಿದ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಅಲ್ಲಾಟ ಸಿಕ್ಕರೆ ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಗಟ್ಟಿಯಾಗಿ ಒತ್ತಿಸಿ, ಮತ್ತೆ ಅಲ್ಲಾಡಿಸಿ. ಈಗ ಅಲ್ಲಾಟ ನಿಂತಿತೆಂದರೆ ವೀಲ್ ಬೇರಿಂಗ್ ಸವೆದಿದೆ. ನಿಲ್ಲಲಿಲ್ಲವೆಂದರೆ ಬಾಲ್ ಜಾಯಿಂಟ್ ಕಡೆಯದು. ಇನ್ನು ಎಡಕ್ಕೊಂದು ಬಲಕ್ಕೊಂದು ಕೈ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲ ಸಿಕ್ಕರೆ ಟೈ ರಾಡ್ ಎಂಡ್ ಅಥವಾ ಅದರ ಹಿಂದೆ ಸ್ಟೀರಿಂಗ್ ಕಡೆಗಿರುವ ಕೀಲು, ರ‍್ಯಾಕ್ ಎಂಡ್. ಎರಡರಲ್ಲಿ ಯಾವುದು ಎಂದು ತಿಳಿಯಲು ಕೀಲಿನ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಚಕ್ರ ಅಲ್ಲಾಡಿಸಿ. ಸವೆದ ಕೀಲಿನ ಟಕಟಕ ಬೆರಳಿಗೇ ಗೊತ್ತಾಗುತ್ತದೆ.

ಮೆಕ್ಯಾನಿಕ್‌ಗಳೂ ಎಡವುವ ಜಾಗ ಒಂದಿದೆ. ಒಂದೇ ಚಕ್ರ ಎತ್ತಿ ಲಿಂಕ್ ರಾಡ್ ಅಲ್ಲಾಡಿಸಿ ನೋಡಿ “ಗಟ್ಟಿ ಇದೆ ಸಾರ್” ಅಂದುಬಿಡುತ್ತಾರೆ. ಒಂದು ಕಡೆ ಎತ್ತಿದಾಗ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದಿಟ್ಟಿರುತ್ತದೆ, ಸವೆದದ್ದೂ ಗಟ್ಟಿಯಾಗಿಯೇ ಕಾಣುತ್ತದೆ. ಎರಡೂ ಚಕ್ರ ನೆಲದಲ್ಲಿರಬೇಕು, ಇಲ್ಲವೇ ಎರಡೂ ಒಂದೇ ಎತ್ತರಕ್ಕೆ ನೇತಾಡುತ್ತಿರಬೇಕು. ಆಗ ಕೈ ಹಾಕಿ ಅಲ್ಲಾಡಿಸಿದರೆ ನಿಜ ತಿಳಿಯುತ್ತದೆ.

ಲೋಯರ್ ಆರ್ಮ್ ಬುಷ್ ನೋಡಲು ಟೈರ್ ಲಿವರ್ ಸಿಕ್ಕಿಸಿ ಮೆಲ್ಲಗೆ ಮೀಟಬೇಕು. ರಬ್ಬರಿನ ಮೇಲ್ಮೈಯಲ್ಲಿ ಸಣ್ಣ ಬಿರುಕು ಸಹಜ. ರಬ್ಬರು ಲೋಹದಿಂದ ಬಿಟ್ಟುಕೊಂಡಿದ್ದರೆ, ಮೀಟಿದಾಗ ಬಾಯಿ ತೆರೆದರೆ, ಅದು ಹೋದ ಹಾಗೆ. ಒಂದು ಮಾತು: ಲೋಯರ್ ಆರ್ಮಿನ ಹಿಂದಿನ ಬುಷ್‌ನಲ್ಲಿ ಕಂಪನಿಯವರೇ ಬಿಟ್ಟ ಕಿಂಡಿಗಳಿರುವುದುಂಟು. ಅದನ್ನು ತೋರಿಸಿ “ಹರಿದುಹೋಗಿದೆ” ಅಂದರೆ ಇನ್ನೊಂದು ಕಡೆಯ ಬುಷ್ ಜೊತೆ ಹೋಲಿಸಿ ನೋಡಿ.

4. ಯಾವುದು ಕಾಯಬಹುದು, ಯಾವುದು ಕಾಯಲಾಗದು

ಲಿಂಕ್ ರಾಡ್, ಸ್ಟೆಬಿಲೈಸರ್ ರಬ್ಬರ್ ಮುಂದಿನ ಸಂಬಳದವರೆಗೆ ಕಾದರೂ ನಡೆಯುತ್ತದೆ. ಕಿವಿಗೆ ಕಿರಿಕಿರಿ ಅಷ್ಟೆ. ಸೋತ ಶಾಕ್ ಇಟ್ಟುಕೊಂಡು ಊರೊಳಗೆ ನಿಧಾನಕ್ಕೆ ಓಡಾಡಬಹುದು. ಶಿರಾಡಿ, ಚಾರ್ಮಾಡಿ ಇಳಿಯುವ ಯೋಚನೆ ಇದ್ದರೆ ಬೇಡ. ಒದ್ದೆ ತಿರುವಿನಲ್ಲಿ ಗುಂಡಿ ಸಿಕ್ಕರೆ ಚಕ್ರ ರಸ್ತೆಯನ್ನೇ ಬಿಡುತ್ತದೆ.

ಸಡಿಲಾದ ಬಾಲ್ ಜಾಯಿಂಟ್, ಸಡಿಲಾದ ಟೈ ರಾಡ್ ಎಂಡ್, ಮುರಿದ ಸ್ಪ್ರಿಂಗ್: ಈ ಮೂರಕ್ಕೆ ನಾಳೆ ಎನ್ನುವುದಿಲ್ಲ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ಅಲ್ಲೇ ಕೂರುತ್ತದೆ. ರಸ್ತೆ ಬದಿಯಲ್ಲಿ ಒಂದು ಕಾಲು ಸೊಟ್ಟಗೆ ಮಾಡಿಕೊಂಡು ನಿಂತ ಕಾರನ್ನು ನೀವೂ ನೋಡಿರುತ್ತೀರಿ.

5. ಪಾರ್ಟ್ಸ್ ತರುವುದು

ಮೆಕ್ಯಾನಿಕ್ ಹೇಳಿದ ಪಟ್ಟಿ ಕಾಗದದ ಮೇಲಿರಲಿ. ಪ್ರತಿಯೊಂದನ್ನೂ ತೋರಿಸಿ “ಇದು ಎಲ್ಲಿ ಸವೆದಿದೆ?” ಅಂತ ಕೇಳಿ. ಒಳ್ಳೆಯ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ, ಲಿವರ್ ಹಿಡಿದು ತೋರಿಸುತ್ತಾನೆ. “ಫುಲ್ ಸೆಟ್ ಹಾಕಿಬಿಡಿ, ತಲೆನೋವಿಲ್ಲ” ಅನ್ನುವವನ ಹತ್ತಿರ ತಲೆನೋವು ಶುರುವಾಗುತ್ತದೆ.

ಶಾಕ್ ಯಾವತ್ತೂ ಜೋಡಿಯಾಗಿಯೇ: ಮುಂದಿನ ಎರಡು ಅಥವಾ ಹಿಂದಿನ ಎರಡು. ಒಂದು ಹೊಸದು, ಒಂದು ಹಳೆಯದು ಆದರೆ ಬ್ರೇಕಿನಲ್ಲಿ, ತಿರುವಿನಲ್ಲಿ ಎರಡು ಕಡೆ ಎರಡು ಥರ ವರ್ತಿಸುತ್ತದೆ. ಸ್ಪ್ರಿಂಗೂ ಹಾಗೆಯೇ. ಟೈ ರಾಡ್ ಎಂಡ್ ಮಾತ್ರ ಹೋದ ಕಡೆಯದನ್ನಷ್ಟೇ ಹಾಕಿದರೆ ಸಾಕು. ಸ್ಟ್ರಟ್ ಹೇಗೂ ಬಿಚ್ಚುತ್ತಿರುವಾಗ ಸ್ಟ್ರಟ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ಶಾಕ್ ತಳ ಮುಟ್ಟದಂತೆ ಕಡ್ಡಿಗೆ ಹಾಕುವ ಮೆತ್ತನೆಯ ತುಂಡು), ದೂಳು ತಡೆಯುವ ಬೂಟು ಇವನ್ನೂ ಹೊಸದೇ ಹಾಕಿಸಿ. ಇಲ್ಲಿ ಉಳಿಸಿದ ದುಡ್ಡು ಆರು ತಿಂಗಳಿಗೆ ಎರಡನೇ ಸಲದ ಲೇಬರ್ ಚಾರ್ಜಾಗಿ ಹೋಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರ ಅಂಗಡಿಯಲ್ಲಾಗಲಿ ಗಾಡಿಯ ಹೆಸರಷ್ಟೇ ಹೇಳಬೇಡಿ. ತಯಾರಾದ ವರ್ಷ, ಪೆಟ್ರೋಲೋ ಡೀಸೆಲ್ಲೋ, ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಇಷ್ಟೂ ಬೇಕು. ಡೀಸೆಲ್ ಎಂಜಿನ್ ಭಾರ ಹೆಚ್ಚು, ಅದರ ಮುಂದಿನ ಸ್ಪ್ರಿಂಗೇ ಬೇರೆ ಇರಬಹುದು. ಮುಂದಿನ ಸ್ಟ್ರಟ್‌ಗಳಲ್ಲಿ ಎಡದ್ದು ಬೇರೆ, ಬಲದ್ದು ಬೇರೆ. ಡಬ್ಬದ ಮೇಲಿನ ನಂಬರ್ ನೋಡಿಕೊಳ್ಳಿ. ಕಂಪನಿ ಡಬ್ಬದ್ದೇ ಆಗಬೇಕೆಂದಿಲ್ಲ. ಕಾರ್ ಕಂಪನಿಗಳಿಗೇ ಮಾಲು ಕೊಡುವ ಗೇಬ್ರಿಯಲ್ ಶಾಕ್, ರಾಣೆ ಟೈ ರಾಡ್ ಎಂಡ್ ತರಹದ್ದನ್ನು ಅವರದೇ ಡಬ್ಬದಲ್ಲಿ ಕೊಂಡರೆ ತಪ್ಪಿಲ್ಲ. ಡೂಪ್ಲಿಕೇಟ್ ಡಬ್ಬಗಳೂ ಇವುಗಳ ಹೆಸರಿನಲ್ಲೇ ಬರುತ್ತವೆ, ಆದ್ದರಿಂದ ಜಿಎಸ್‌ಟಿ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ತೆರಿಗೆ 18 ಪ್ರತಿಶತ. ಹಳೇ 28ರ ಲೆಕ್ಕ ಹಾಕಿದರೆ ಒಪ್ಪಬೇಡಿ.

ಗುಜರಿಯ ಶಾಕ್ ಬೇಡ. ತೂತು ಕೊರೆದು ಎಣ್ಣೆ ತುಂಬಿ ವೆಲ್ಡಿಂಗ್ ಮಾಡಿಕೊಡುವ “ರೀಕಂಡಿಶನ್” ಶಾಕೂ ಬೇಡ. ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಗಾಡಿಯನ್ನು ಎತ್ತರಿಸಿದಂತೆ ಕಾಣಿಸುತ್ತದೆ, ಸೋತ ಶಾಕನ್ನು ಅದೇನೂ ರಿಪೇರಿ ಮಾಡುವುದಿಲ್ಲ.

6. ಬಿಚ್ಚುವಾಗ

ಇಲ್ಲಿ ಜೀವಕ್ಕೆ ಅಪಾಯವಿರುವುದು ಒಂದೇ ಕಡೆ, ಸ್ಪ್ರಿಂಗ್. ಸ್ಟ್ರಟ್‌ನ ಒಳಗೆ ಅದು ಅದುಮಿ ಕೂತಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಸ್ಪ್ರಿಂಗ್ ಮೇಲಿನ ತಟ್ಟೆಯಿಂದ ಸಡಿಲವಾದ ಮೇಲಷ್ಟೇ ನಡುವಿನ ನಟ್ ಬಿಚ್ಚಬೇಕು. ಹಗ್ಗ ಕಟ್ಟಿ, ಕಾಲಲ್ಲಿ ಅದುಮಿ ಬಿಚ್ಚುವ ಹುಡುಗರನ್ನು ನೋಡಿದ್ದೇನೆ. ನಿಮ್ಮೆದುರು ಹಾಗೆ ಶುರು ಮಾಡಿದರೆ “ನಿಲ್ಲಿಸಪ್ಪ” ಅನ್ನಿ, ಮುಜುಗರ ಪಡಬೇಡಿ. ಮನೆಯಲ್ಲಿ ಇದನ್ನು ಮಾಡುವ ಸಾಹಸವಂತೂ ಬೇಡವೇ ಬೇಡ.

ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಬಿಚ್ಚಿದರೆ ಅದನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಬೇಕು. ಬ್ರೇಕ್ ಪೈಪಿನ ಮೇಲೆ ಭಾರ ಬೀಳಬಾರದು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಹಿಡಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ವೈರನ್ನು ಕ್ಲಿಪ್ಪಿನಿಂದ ಬಿಡಿಸಿಯೇ ಸ್ಟ್ರಟ್ ಎಳೆಯಬೇಕು. ಶಾಕಿನ ಹೊಳೆಯುವ ಕಡ್ಡಿಗೆ ಕಟಿಂಗ್ ಪ್ಲೇಯರ್ ತಾಗಿಸುವಂತಿಲ್ಲ. ಅದರ ಮೇಲೆ ಒಂದು ಗೀರು ಬಿದ್ದರೆ ಸೀಲ್ ಹರಿಯುತ್ತದೆ, ಹೊಸ ಶಾಕ್ ಮೂರೇ ತಿಂಗಳಿಗೆ ಎಣ್ಣೆ ಕಾರುತ್ತದೆ. ಕಡ್ಡಿ ತಿರುಗದಂತೆ ಹಿಡಿಯಲು ಅದರ ತಲೆಯಲ್ಲೇ ಅಲೆನ್ ಕೀ ಹಾಕುವ ಜಾಗವೋ ಚಪ್ಪಟೆ ಮಾಡಿದ ತುದಿಯೋ ಇರುತ್ತದೆ.

7. ಕಟ್ಟುವಾಗ, ಮುಖ್ಯವಾಗಿ ಬುಷ್ ಬೋಲ್ಟ್

ಹೊಸ ಎಣ್ಣೆ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ಒಳಗಿನ ಗಾಳಿ ಬಿಡಿಸಿ ಹಾಕಬೇಕು. ಒಳಗೆ ನೈಲಾನ್ ಬಳೆ ಇರುವ ನಟ್‌ಗಳನ್ನು ಮತ್ತೆ ಬಳಸದೆ ಹೊಸದು ಹಾಕಿಸಿ.

ಈಗ ಗಮನವಿಟ್ಟು ಓದಿ, ಏಕೆಂದರೆ “ಬುಷ್ ಹಾಕಿಸಿ ವರ್ಷ ಆಗಿಲ್ಲ, ಮತ್ತೆ ಹೋಯಿತು” ಎನ್ನುವ ದೂರಿಗೆ ನಾನು ಕಂಡ ಮುಖ್ಯ ಕಾರಣ ಇದು. ಲೋಯರ್ ಆರ್ಮ್ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ. ಅದರ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಗಾಡಿಯ ಬಾಡಿಯನ್ನು ಕಚ್ಚಿಕೊಳ್ಳುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಷ್ಟೂ ರಬ್ಬರು ತಿರುಚಿಕೊಂಡು ವಾಪಸು ಬರುತ್ತದೆ. ಗಾಡಿ ಲಿಫ್ಟ್ ಮೇಲಿದ್ದು ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ ಏನಾಗುತ್ತದೆ? ರಬ್ಬರಿನ ಪಾಲಿಗೆ ಆ ಜೋತುಬಿದ್ದ ಭಂಗಿಯೇ ವಿಶ್ರಾಂತಿ. ಗಾಡಿ ಕೆಳಗಿಳಿದು ತನ್ನ ಭಾರದ ಮೇಲೆ ಕೂತ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಮನೆ ಮುಂದೆ ನಿಂತಿರುವಾಗಲೂ. ಹೀಗಾದ ಮೇಲೆ ಪ್ರತಿ ಗುಂಡಿಯೂ ಆಗಲೇ ತಿರುಚಿದ ರಬ್ಬರನ್ನು ಮತ್ತಷ್ಟು ತಿರುಚುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದ ಹಾಗೆಯೇ ಬಿಟ್ಟು ಅದರ ಮೇಲೆ ಇನ್ನೊಂದು ಹಿಂಡು ಹಿಂಡಿದಂತೆ.

ಆದ್ದರಿಂದ ಮೇಲಿದ್ದಾಗ ಬೋಲ್ಟ್‌ಗಳನ್ನು ಕೈಯಲ್ಲಿ ಕೂರಿಸಿ ಹಗುರವಾಗಿ ಮಾತ್ರ ಬಿಗಿಯಬೇಕು. ಚಕ್ರ ಹಾಕಿ, ಗಾಡಿ ಇಳಿಸಿ, ಹಿಂದೆ ಮುಂದೆ ಒಂದು ಮಾರು ಉರುಳಿಸಿ, ಮುಂಭಾಗವನ್ನು ನಾಲ್ಕು ಸಲ ಒತ್ತಿ ಸಮ ಮಾಡಿ, ಆಮೇಲೆ ಕೊನೆಯ ಬಿಗಿತ ಕೊಡಬೇಕು. ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ತೋಡಿದ ಗುಂಡಿ ಇರುವ ಗ್ಯಾರೇಜಿನಲ್ಲಿ ಇದು ಸುಲಭ. ಇಲ್ಲದಿದ್ದರೆ ಆರ್ಮ್ ತುದಿಗೆ ಜಾಕ್ ಕೊಟ್ಟು, ಗಾಡಿ ನಿಂತಾಗ ಇರುವ ಎತ್ತರಕ್ಕೆ ಎತ್ತಿ ಬಿಗಿಯಬಹುದು. ಎರಡನೇ ಹಂತದಲ್ಲಿ ಟೇಪ್ ಹಿಡಿದು ಅಳೆದಿರಲ್ಲ, ಆ ಅಳತೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಿಂದಿನ ಆಕ್ಸಲ್ ಬುಷ್‌ಗೂ, ಹಿಂದಿನ ಶಾಕಿನ ಕೆಳಗಿನ ಬೋಲ್ಟಿಗೂ ಇದೇ ಕ್ರಮ.

ಬುಷ್ ಮಾತ್ರ ಬದಲಾಯಿಸುವುದಾದರೆ ಪ್ರೆಸ್ ಇರುವ ಕಡೆಯೇ ಮಾಡಿಸಿ, ಸುತ್ತಿಗೆಯಲ್ಲಿ ಹೊಡೆದು ಕೂರಿಸುವುದು ಬೇಡ. ಹಳೆಯದು ಯಾವ ಮುಖಕ್ಕೆ ಕೂತಿತ್ತೆಂದು ಬಿಚ್ಚುವ ಮೊದಲೇ ಆರ್ಮ್ ಮೇಲೆ ಗುರುತು ಹಾಕಿಕೊಳ್ಳಬೇಕು. ಬಾಲ್ ಜಾಯಿಂಟೂ ಸವೆದಿದ್ದರೆ ಲೆಕ್ಕ ಹಾಕಿ ನೋಡಿ, ಪೂರ್ತಿ ಆರ್ಮ್ ತರುವುದೇ ಅಗ್ಗವಾಗುವುದುಂಟು.

ಚಕ್ರದ ನಟ್‌ಗಳಿಗೆ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿತ. ನಿಮ್ಮ ಗಾಡಿಯ ಅಂಕಿ ಮಾಲೀಕರ ಕೈಪಿಡಿಯಲ್ಲಿದೆ. ಗ್ಯಾರೇಜಿನಲ್ಲಿ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ತೋರಿಸುವ ಪಾನಾ) ಇದೆಯೇ ಎಂದು ಕೇಳಿ. ಇದ್ದು, ಅದರ ಮೇಲೆ ದೂಳಿಲ್ಲದಿದ್ದರೆ ಗ್ಯಾರೇಜ್ ಒಳ್ಳೆಯದು.

8. ಗಾಡಿ ವಾಪಸು ತೆಗೆದುಕೊಳ್ಳುವಾಗ

ಹಳೆಯ ಪಾರ್ಟ್‌ಗಳನ್ನು ಕೇಳಿ ತೆಗೆದುಕೊಂಡು ನೋಡಿ. ಸವೆದ ಬಾಲ್ ಜಾಯಿಂಟಿನ ಕಡ್ಡಿ ಬೆರಳಿನಿಂದ ತಳ್ಳಿದರೇ ಜೋತಾಡುತ್ತದೆ, ಸತ್ತ ಶಾಕ್ ಒತ್ತಿದರೆ ತಡೆಯಿಲ್ಲದೆ ಇಳಿಯುತ್ತದೆ. ತಪ್ಪು ಪಾರ್ಟ್ ಬದಲಾಯಿಸಿದರೋ ಇಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ.

ಸ್ಟ್ರಟ್, ಆರ್ಮ್, ಟೈ ರಾಡ್ ಎಂಡ್ ಇವುಗಳಲ್ಲಿ ಯಾವುದನ್ನು ಬಿಚ್ಚಿದ್ದರೂ ಅಲೈನ್‌ಮೆಂಟ್ ಅದೇ ದಿನ ಆಗಬೇಕು. ಲಿಂಕ್ ರಾಡ್ ಮಾತ್ರ ಹಾಕಿದ್ದರೆ ಬೇಕಿಲ್ಲ. ಅಲೈನ್‌ಮೆಂಟಿನ ಮುಂಚಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಇಸ್ಕೊಳ್ಳಿ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸೊಟ್ಟಗಿದ್ದರೆ ಹಣ ಕೊಡುವ ಮೊದಲೇ ವಾಪಸು ತಿರುಗಿಸಿ.

ನೂರು ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿತ ನೋಡಿಸಿ, ಅದೇ ಸಮಯಕ್ಕೆ ಶಾಕ್ ಮೇಲೆ ಎಣ್ಣೆ ಕಂಡಿದೆಯೇ ಎಂದೂ ಬಗ್ಗಿ ನೋಡಿ. ಆಮೇಲೆ ಮೊದಲ ದಿನ ಹೋಗಿದ್ದ ಅದೇ ಹಂಪಿಗೆ ಹೋಗಿ. ಅದೇ ವೇಗ, ಕಿಟಕಿ ಇಳಿಸಿ, ಹಾಡು ಆಫ್. ಒಂದು ಸಲ ನೇರವಾಗಿ, ಒಂದು ಸಲ ಓರೆಯಾಗಿ.